ಚಿಗುರಿದ ಕಡ್ಡಿಗೆ ಬೇರಿಲ್ಲವೇಕೆ?

ಆರಿದ್ರಾ ಮಳೆ ಹಿಡಿದ ವಾರ ನೆರೆಮನೆಯಿಂದ ಒಂದು ಗುಲಾಬಿ ಕಡ್ಡಿ ತಂದು ನೆಡುತ್ತೀರಿ. ಹತ್ತು ಹನ್ನೆರಡು ದಿನಕ್ಕೆ ಕಣ್ಣೊಡೆದು ಕೆಂಪು ಚಿಗುರು ಇಣುಕುತ್ತದೆ. ಬದುಕಿತು ಎಂದು ಮನೆಮಂದಿಗೆಲ್ಲ ತೋರಿಸುತ್ತೀರಿ. ಇನ್ನೂ ಹತ್ತು ದಿನ ಕಳೆಯುವಷ್ಟರಲ್ಲಿ ಆ ಚಿಗುರು ತಲೆ ಬಾಗಿಸುತ್ತದೆ, ಎಲೆಯ ಅಂಚು ಕಪ್ಪಾಗುತ್ತದೆ, ಕಡ್ಡಿ ಒಣಗುತ್ತದೆ. ಕಿತ್ತು ನೋಡಿದರೆ ಬುಡದಲ್ಲಿ ಒಂದೇ ಒಂದು ಬೇರಿಲ್ಲ.

ಮಲೆನಾಡಿನ ತೋಟಗಳಲ್ಲಿ, ಪೇಟೆಯ ತಾರಸಿ ಕುಂಡಗಳಲ್ಲಿ ನಾನು ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ‘ಕೈಗುಣ ಸರಿಯಿಲ್ಲ’ ಎಂದು ಬೇಸರಪಡುವವರೇ ಹೆಚ್ಚು. ಕಾರಣ ಕಡ್ಡಿಯೊಳಗೇ ಇದೆ. ಚಿಗುರು ಕಣ್ಣಿನೊಳಗೆ ಮೊದಲೇ ರೂಪುಗೊಂಡು ಮಡಚಿ ಕುಳಿತಿರುತ್ತದೆ. ಕಡ್ಡಿಯಲ್ಲಿ ಉಳಿದಿರುವ ಪಿಷ್ಟ, ಸಕ್ಕರೆ, ನೀರು ಸಿಕ್ಕಿದರೆ ಸಾಕು, ಅದು ಹೊರಬರುತ್ತದೆ. ಬೇರಿನ ಕತೆಯೇ ಬೇರೆ. ಬಹಳಷ್ಟು ಗಿಡಗಳ ಕಾಂಡದಲ್ಲಿ ಬೇರಿನ ಗುರುತೂ ಇರುವುದಿಲ್ಲ. ಕಡಿದ ಮೇಲೆ ಅದು ಹೊಸದಾಗಿ ಹುಟ್ಟಬೇಕು. ಚಿಗುರು ಉಳಿದ ನೀರನ್ನೆಲ್ಲ ಹೀರಿ ಮುಗಿಸುವ ಮುಂಚೆ ಬೇರು ಬಂದರೆ ಗಿಡ, ಬಾರದಿದ್ದರೆ ಸೌದೆ. ನರ್ಸರಿಯವರು ಹಚ್ಚುವ ಬಿಳಿ ಪುಡಿಯ ಕೆಲಸ ಈ ಪೈಪೋಟಿಯಲ್ಲಿ ಬೇರನ್ನು ಮುಂದೆ ತರುವುದು. ಆ ಪುಡಿ ಏನು, ಒಳಗೆ ಏನು ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದನ್ನು ತಿಳಿದರೆ ಕೈಗುಣದ ಮೇಲೆ ಹೊರಿಸುವ ಆರೋಪ ಎಷ್ಟೋ ಕಡಿಮೆಯಾದೀತು.

ಕಡಿದ ಗಳಿಗೆಯಿಂದ

ಗಿಡದ ಕುಡಿಯಲ್ಲಿ, ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನು ಸದಾ ತಯಾರಾಗುತ್ತಿರುತ್ತದೆ. ಇದು ಗಿಡಕ್ಕೆ ಆಹಾರವಾಗುವ ವಸ್ತುವಲ್ಲ. ಜೀವಕೋಶಗಳಿಗೆ ಏನು ಮಾಡಬೇಕೆಂದು ತಿಳಿಸುವ ಸುದ್ದಿ. ಕೋಶದಿಂದ ಕೋಶಕ್ಕೆ ದಾಟುತ್ತ ಇದು ಕಾಂಡದಲ್ಲಿ ಮೇಲಿನಿಂದ ಕೆಳಕ್ಕೇ ಇಳಿಯುತ್ತದೆ. ಪ್ರತಿ ಕೋಶದ ಕೆಳಮಗ್ಗುಲಲ್ಲಿ ಆಕ್ಸಿನನ್ನು ಹೊರದೂಡುವ ಪ್ರೋಟೀನುಗಳಿವೆ, ಆದ್ದರಿಂದ ಹರಿವಿನ ದಿಕ್ಕು ತಪ್ಪುವುದಿಲ್ಲ. ಕಾಂಡವನ್ನು ಕತ್ತರಿಸಿದಾಗ ದಾರಿ ಅಲ್ಲಿಗೇ ಮುಗಿಯುತ್ತದೆ. ಮೇಲಿನಿಂದ ಬರುವುದು ಬರುತ್ತಲೇ ಇರುತ್ತದೆ, ಮುಂದೆ ಹೋಗಲು ಜಾಗವಿಲ್ಲ. ಕಟ್ಟೆ ಕಟ್ಟಿದ ಕಾಲುವೆಯಂತೆ ಆಕ್ಸಿನ್ ಬುಡದಲ್ಲಿ ತುಂಬಿಕೊಳ್ಳುತ್ತದೆ.

ಇದರ ಜತೆಗೆ ಗಾಯವೂ ತನ್ನ ಸುದ್ದಿ ಕಳಿಸುತ್ತದೆ. ಜಾಸ್ಮೊನಿಕ್ ಆಮ್ಲ ಎಂಬ ಇನ್ನೊಂದು ವಸ್ತು ಕಡಿದ ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಏರುತ್ತದೆ. (ಮಲ್ಲಿಗೆಯ ಪರಿಮಳದ ಎಣ್ಣೆಯಿಂದ ಮೊದಲು ಪರಿಚಯವಾದ ವಸ್ತುಗಳ ಬಳಗ ಇದು, ಹೆಸರೂ ಅಲ್ಲಿಂದಲೇ ಬಂತು.) ಕತ್ತರಿಸಿದ ಮೈಯ ಕೋಶಗಳು ಸತ್ತು ಒಣ ಪದರವಾಗುತ್ತವೆ. ಅದರ ಒಳಗೆ, ಸಿಪ್ಪೆಗೂ ಕಟ್ಟಿಗೆಗೂ ನಡುವೆ ಲೋಳೆಯಂತೆ ಕಾಣುವ ಕೇಂಬಿಯಂ ಪದರದ ಆಸುಪಾಸಿನ ಕೆಲವು ಕೋಶಗಳು ತಮ್ಮ ಹಳೆಯ ಕಸುಬು ಬಿಟ್ಟು ಮತ್ತೆ ವಿಭಜನೆಗೆ ತೊಡಗುತ್ತವೆ. ಅವುಗಳ ಗುಂಪೇ ಬೇರಿನ ಮೊಳಕೆ. ಅದು ಗಿಡದ ನೀರಿನ ನಾಳಕ್ಕೆ ಜೋಡಿಕೊಂಡು, ಸಿಪ್ಪೆ ಸೀಳಿಕೊಂಡು ಹೊರಬರುತ್ತದೆ. ಬುಡದಲ್ಲಿ ಬಿಳಿಯ ಗಂಟು ಕಟ್ಟಿದ್ದನ್ನು ಕಂಡು ಬೇರು ಬಂತೆಂದು ಹಿಗ್ಗುವವರಿದ್ದಾರೆ. ಅದು ಕ್ಯಾಲಸ್, ಗಾಯ ಮುಚ್ಚಲು ಬೆಳೆದ ಮಾಂಸ. ಹೆಚ್ಚಿನ ಗಿಡಗಳಲ್ಲಿ ಕ್ಯಾಲಸ್‌ಗೂ ಬೇರಿಗೂ ನೇರ ಸಂಬಂಧವಿಲ್ಲ. ದಪ್ಪ ಗಂಟು ಕಟ್ಟಿಯೂ ಬೇರೊಡೆಯದೆ ಸತ್ತ ಕಡ್ಡಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಯಾಕೆ ಏಳುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲಿದೆ. ನಾವು ತಿರುಗಿಸಿದರೂ ಆಕ್ಸಿನ್ ಹಳೆಯ ಬುಡದ ಕಡೆಗೇ ಹೋಗುತ್ತದೆ, ಆ ಬುಡ ಈಗ ಗಾಳಿಯಲ್ಲಿರುತ್ತದೆ. ಎಲೆ ಉದುರಿದ ಹಿಪ್ಪುನೇರಳೆಯ ಅಥವಾ ದ್ರಾಕ್ಷಿಯ ಕಡ್ಡಿಗಳನ್ನು ಕಟ್ಟು ಕಟ್ಟುವಾಗ ತಲೆ ಬುಡ ಗುರುತು ಸಿಗುವುದು ಕಷ್ಟ. ಹಳಬರು ಮೇಲ್ಗಡೆ ನೇರವಾಗಿ, ಬುಡವನ್ನು ಓರೆಯಾಗಿ ಕತ್ತರಿಸುತ್ತಿದ್ದುದು ಇದಕ್ಕೇ.

ಎಲೆಯಲ್ಲೊಂದು ಸಾರ

ಗಿಡದೊಳಗೆ ಬೇರು ತರಿಸುವ ವಸ್ತುವೊಂದು ಎಲೆಯಲ್ಲಿ ಹುಟ್ಟಿ ಕೆಳಗಿಳಿಯುತ್ತಿರಬೇಕು ಎಂದು 1880ರ ಸುಮಾರಿಗೇ ಜರ್ಮನಿಯ ಜೂಲಿಯಸ್ ಸಾಕ್ಸ್ ಊಹಿಸಿದ್ದರು. ಕಣ್ಣು ಬಲಿಯುತ್ತಿರುವ ಕಡ್ಡಿಯಲ್ಲಿ ಆ ಕಣ್ಣಿನ ಕೆಳಗೇ ಬೇರು ಹೆಚ್ಚು ಬರುತ್ತದೆ ಎಂದು 1925ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡೆರ್ ಲೆಕ್ ತೋರಿಸಿದರು. ಅದೇ ದೇಶದ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿಯಿಂದ ಆಕ್ಸಿನನ್ನು ಅಗರ್ ತುಣುಕಿಗೆ ಇಳಿಸಿ ಅದರ ಇರವನ್ನು ಖಚಿತಪಡಿಸಿದವರು. ಆಮೇಲೆ ಅವರು ಜಾವಾಕ್ಕೆ ಹೋದರು. ನಮ್ಮಲ್ಲಿ ಬೇಲಿಗೂ ಅಂಗಳದ ಅಂಚಿಗೂ ನೆಡುವ ಬಣ್ಣದೆಲೆಯ ಅಕಾಲಿಫಾ ಗಿಡವನ್ನು ಹಿಡಿದು, ಅದರ ಎಲೆಯ ಸಾರವನ್ನು ಅದೇ ಗಿಡದ ಕಡ್ಡಿಗೆ ಕೊಟ್ಟು ಹೆಚ್ಚು ಬೇರು ಬರಿಸಿದರು. ಅದು ಪ್ರಕಟವಾದದ್ದು 1929ರಲ್ಲಿ.

ಆ ಸಾರದಲ್ಲಿರುವ ವಸ್ತು ಯಾವುದು? ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಗಿಡದಲ್ಲಿ ಆಕ್ಸಿನ್ ಇರುವುದು ಲವಲೇಶ, ಬೇರ್ಪಡಿಸುವುದು ಬಲು ಕಷ್ಟ. ಉಟ್ರೆಕ್ಟ್‌ನ ಫ್ರಿಟ್ಸ್ ಕೋಗಲ್ ಮತ್ತು ಸಂಗಡಿಗರು 1934ರಲ್ಲಿ ಮನುಷ್ಯರ ಮೂತ್ರದಿಂದ ಇಂಡೋಲ್ ಅಸಿಟಿಕ್ ಆಮ್ಲವನ್ನು ಬೇರ್ಪಡಿಸಿ, ಅದಕ್ಕೆ ಆಕ್ಸಿನ್ನಿನ ಗುಣವಿದೆ ಎಂದರು. ಗಿಡದ ಮುಖ್ಯ ಆಕ್ಸಿನ್ ಇದೇ ಎಂಬುದು ಮುಂದೆ ಖಚಿತವಾಯಿತು. ಕಡ್ಡಿಗೆ ಬೇರು ತರಿಸುವುದೂ ಇದೇ ಎಂದು ವೆಂಟ್ ಮತ್ತು ಕೆನೆತ್ ತಿಮನ್ ತೋರಿಸಿದರು. ಮರುವರ್ಷ, 1935ರಲ್ಲಿ, ಅಮೆರಿಕದ ಬಾಯ್ಸ್ ಥಾಮ್ಸನ್ ಸಂಸ್ಥೆಯ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಇನ್ನೂ ಗಟ್ಟಿಯಾಗಿ ಕೆಲಸ ಮಾಡುವ ಎರಡು ವಸ್ತುಗಳನ್ನು ಮುಂದಿಟ್ಟರು: ಇಂಡೋಲ್ ಬ್ಯುಟಿರಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಅಸಿಟಿಕ್ ಆಮ್ಲ. ತೊಂಬತ್ತು ವರ್ಷ ಕಳೆದರೂ ಜಗತ್ತಿನ ನರ್ಸರಿಗಳು ನಡೆಯುತ್ತಿರುವುದು ಇವೆರಡರ ಮೇಲೆಯೇ. ರೈತರ ಬಾಯಲ್ಲಿ ಇವು ಐಬಿಎ, ಎನ್‌ಎಎ.

ಗಿಡದ ಸ್ವಂತ ಆಕ್ಸಿನ್ ಆದ ಐಎಎಯನ್ನೇ ಹಚ್ಚಬಹುದಲ್ಲ ಎಂದು ಕೇಳಬಹುದು. ಹಚ್ಚಬಹುದು, ಆದರೆ ಅದು ಬೆಳಕಿಗೆ ಕೆಡುತ್ತದೆ, ಗಿಡದ ಕಿಣ್ವಗಳೂ ಅದನ್ನು ಬೇಗ ಒಡೆದುಹಾಕುತ್ತವೆ. ಐಬಿಎ ಗಟ್ಟಿ. ಹಚ್ಚಿದ ಜಾಗದಿಂದ ಹೆಚ್ಚು ಚಲಿಸದೆ ಅಲ್ಲೇ ನಿಂತು, ಕೋಶದೊಳಗೆ ಸ್ವಲ್ಪಸ್ವಲ್ಪವಾಗಿ ಐಎಎ ಆಗಿ ಬದಲಾಗುತ್ತದೆ. ಅಗತ್ಯವಿದ್ದಷ್ಟು ದಿನ ಸಣ್ಣಗೆ ತೊಟ್ಟಿಕ್ಕುವ ಹನಿ ನೀರಾವರಿಯಂತೆ. ಎನ್‌ಎಎ ಇನ್ನೂ ಗಟ್ಟಿ, ಅಷ್ಟೇ ಖಾರ. ಸ್ವಲ್ಪ ಹೆಚ್ಚಾದರೂ ಎಳೆಯ ಕಡ್ಡಿ ಸುಡುತ್ತದೆ. ಮಾವು, ಟೊಮೆಟೊ, ಮೆಣಸಿನಕಾಯಿಯ ಹೂ ಉದುರದಿರಲಿ ಎಂದು ಪ್ಲಾನೋಫಿಕ್ಸ್ ಹೊಡೆಯುವ ರೈತರಿಗೆ ಎನ್‌ಎಎ ಹಳೆಯ ಪರಿಚಯ, ಅದರಲ್ಲಿರುವುದು ಇದೇ.

ಆಕ್ಸಿನ್ ಬಳಗದಲ್ಲಿ ಇನ್ನೊಬ್ಬನಿದ್ದಾನೆ. ಗದ್ದೆ ಬದುವಿನ ಅಗಲ ಎಲೆಯ ಕಳೆ ಸಾಯಿಸುವ 2,4-ಡಿ. ಅದೂ ಆಕ್ಸಿನ್ನೇ. ಲವಲೇಶ ಇದ್ದಾಗ ಬೇರು ಹುಟ್ಟಿಸುವ ಸುದ್ದಿ ವಿಪರೀತವಾದಾಗ ಗಿಡವನ್ನು ಅಡ್ಡಾದಿಡ್ಡಿ ಬೆಳೆಸಿ ಕೊಲ್ಲುತ್ತದೆ. ಪ್ರಮಾಣದ ವಿಷಯಕ್ಕೆ ಬಂದಾಗ ಈ ಒಂದು ಮಾತನ್ನು ನೆನಪಿಡಿ. 2,4-ಡಿ ಬೆರೆಸಿದ ಪಾತ್ರೆಯನ್ನು, ಎಷ್ಟೇ ತೊಳೆದಿರಲಿ, ನರ್ಸರಿ ಕೆಲಸಕ್ಕೆ ತರಬೇಡಿ.

ಎಷ್ಟು, ಎಷ್ಟು ಹೊತ್ತು

ಪೊಟ್ಟಣದ ಮೇಲೆ ಪಿಪಿಎಂ ಎಂದು ಬರೆದಿರುವುದನ್ನು ಕಂಡು ಹೆದರಬೇಕಾಗಿಲ್ಲ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ 1 ಪಿಪಿಎಂ. ಒಂದು ಲೀಟರಿನಲ್ಲಿ ಒಂದು ಗ್ರಾಂ ಕರಗಿದರೆ 1000. ಪುಡಿಯಾದರೆ ಒಂದು ಕಿಲೋ ಟಾಲ್ಕ್‌ನಲ್ಲಿ ಒಂದು ಗ್ರಾಂ. ಎಳೆಯ ಹಸಿರು ಕಡ್ಡಿಗೆ 500ರಿಂದ 1000, ಅರ್ಧ ಬಲಿತದ್ದಕ್ಕೆ 1000ದಿಂದ 3000, ಪೂರ್ತಿ ಬಲಿತ ಗಟ್ಟಿ ಕಡ್ಡಿಗೆ ಅದಕ್ಕೂ ಮೇಲೆ. ಇದು ಸಾಮಾನ್ಯ ಲೆಕ್ಕ, ಗಿಡದಿಂದ ಗಿಡಕ್ಕೆ ಬದಲಾಗುತ್ತದೆ.

ಐಬಿಎ ನೀರಿನಲ್ಲಿ ಕರಗುವುದಿಲ್ಲ. ನೀರಿಗೆ ಸುರಿದು ಕಲಕಿ, ಬಿಳಿ ಹರಳು ಅಡಿಗೆ ಕುಳಿತಿದ್ದರೂ ಕಡ್ಡಿ ಅದ್ದಿ, ಔಷಧಿಯೇ ಕಳಪೆ ಎಂದವರನ್ನು ಕಂಡಿದ್ದೇನೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದು ಸಲೀಸಾಗಿ ಕರಗುತ್ತದೆ. ಮಿಲಿಗ್ರಾಂ ತೂಗುವುದು ಕಷ್ಟವಾದ್ದರಿಂದ ನಾನು ಮಾಡುವುದು ಹೀಗೆ: ಒಂದು ಗ್ರಾಂ ಐಬಿಎಯನ್ನು ನೂರು ಮಿಲಿಲೀಟರ್ ಆಲ್ಕೋಹಾಲಿನಲ್ಲಿ ಕರಗಿಸಿದರೆ 10,000 ಪಿಪಿಎಂನ ಮೂಲ ದ್ರಾವಣ. ಅದರ ಹತ್ತು ಮಿಲಿಲೀಟರಿಗೆ, ಆಲ್ಕೋಹಾಲು ಮತ್ತು ನೀರು ಸಮಸಮ ಬೆರೆಸಿದ್ದನ್ನು ನಲವತ್ತು ಮಿಲಿಲೀಟರ್ ಸೇರಿಸಿದರೆ 2000. ಬೆರೆಸುವಾಗ ಹಾಲಿನಂತೆ ಬಿಳಿಚಿಕೊಂಡರೆ ಆಲ್ಕೋಹಾಲು ಸಾಲದು ಎಂದರ್ಥ. ಮೂಲ ದ್ರಾವಣವನ್ನು ಕಂದು ಸೀಸೆಯಲ್ಲಿ, ತಂಪಿನಲ್ಲಿ, ಮಕ್ಕಳ ಕೈಗೆ ಸಿಗದಂತೆ, ಹೆಸರು ಮತ್ತು ತಾರೀಕು ಬರೆದು ಇಡಬೇಕು. ಹತ್ತಿರ ಬೆಂಕಿ ಇರಬಾರದು, ಕೈಗೆ ಗ್ಲೌಸ್ ಇರಬೇಕು.

ಗಟ್ಟಿ ದ್ರಾವಣದಲ್ಲಿ ಅದ್ದುವುದು ಐದು ಸೆಕೆಂಡು, ಬುಡದ ಒಂದೆರಡು ಸೆಂಟಿಮೀಟರ್ ಮಾತ್ರ. ಕಾಳುಮೆಣಸಿನ ಬಳ್ಳಿಗೆ 1000 ಪಿಪಿಎಂನಲ್ಲಿ ನಲವತ್ತೈದು ಸೆಕೆಂಡು ಎಂಬ ಶಿಫಾರಸಿದೆ. ರಾತ್ರಿಯಿಡೀ ನೆನೆಸುವ ಪದ್ಧತಿಯೂ ಇದೆ, ಆದರೆ ಅದಕ್ಕೆ ಬೇಕಾದದ್ದು 20ರಿಂದ 200 ಪಿಪಿಎಂನ ಬಲು ತೆಳು ನೀರು. ಇವೆರಡನ್ನು ಗೊಂದಲ ಮಾಡಿಕೊಂಡು ಗಟ್ಟಿ ದ್ರಾವಣದಲ್ಲಿ ರಾತ್ರಿ ಕಳೆದ ಕಡ್ಡಿ ಬೆಳಿಗ್ಗೆಗೇ ಸತ್ತಂತೆ. ಹೆಚ್ಚಾದ ಗುರುತುಗಳು ಸ್ಪಷ್ಟ: ಬುಡ ಊದಿ ಸಿಪ್ಪೆ ಬಿರಿಯುತ್ತದೆ, ಕಪ್ಪಾಗುತ್ತದೆ, ಕಣ್ಣು ಒಡೆಯದೆ ಹಾಗೇ ಕುಳಿತಿರುತ್ತದೆ.

ಸ್ವಲ್ಪ ಹೊತ್ತು ಮಾತ್ರ ಯಾಕೆ ಎಂಬುದು ಈ ವಿಷಯದ ತಿರುಳು. ಬೇರಿನ ಮೊಳಕೆ ಹುಟ್ಟಲು ಆಕ್ಸಿನ್ ಹೆಚ್ಚು ಬೇಕು. ಹುಟ್ಟಿದ ಮೊಳಕೆ ಉದ್ದವಾಗಲು ಅದೇ ಆಕ್ಸಿನ್ ಅಡ್ಡಿ. ಮೊದಲ ಕೆಲವು ದಿನ ಏರಿ ಆಮೇಲೆ ಇಳಿಯಬೇಕು. ಚೆನ್ನಾಗಿ ಬೇರು ಬರಲೆಂದು ನೆಟ್ಟ ಮೇಲೆ ವಾರ ವಾರವೂ ಹಾರ್ಮೋನ್ ನೀರು ಹನಿಸುವವರು ತಾವೇ ಹುಟ್ಟಿಸಿದ ಬೇರನ್ನು ತಾವೇ ಮೋಟು ಮಾಡುತ್ತಿರುತ್ತಾರೆ.

ಎದುರು ಬಣ

ಗಿಡದೊಳಗೆ ಬೇರಿಗೆ ವಿರೋಧವಾದ ಸುದ್ದಿಗಳೂ ಇವೆ. ಸೈಟೊಕೈನಿನ್ ಕಣ್ಣು ಒಡೆಸುತ್ತದೆ, ಚಿಗುರು ತರಿಸುತ್ತದೆ. ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು, ಎರಡೂ ಸಮವಾದರೆ ಬರಿಯ ಗಂಟು ಎಂದು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತಂಬಾಕಿನ ಅಂಗಾಂಶದಲ್ಲಿ ತೋರಿಸಿದರು. ಇಂದು ಬಾಳೆಯ ಟಿಶ್ಯೂ ಕಲ್ಚರ್ ಸಸಿಗಳೆಲ್ಲ ಬರುವುದು ಈ ಲೆಕ್ಕದಲ್ಲೇ. ಜಿಬ್ಬರೆಲಿನ್ ಕೂಡ ಬೇರಿಗೆ ಆಗದು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಜಿಎ (ಜಿಬ್ಬರೆಲಿನ್) ಮತ್ತು 6-ಬಿಎ (ಒಂದು ಸೈಟೊಕೈನಿನ್) ಎರಡೂ ಮನೆಮಾತು, ಗೊನೆ ಉದ್ದವಾಗಲು, ಕಾಯಿ ದಪ್ಪವಾಗಲು ಹೊಡೆಯುತ್ತಾರೆ. ಅದೇ ತೋಟದಲ್ಲಿ ಡಾಗ್‌ರಿಜ್ ಬೇರುಸಸಿ (ಕಸಿಗೆ ಬುಡವಾಗುವ ದ್ರಾಕ್ಷಿ) ಮಾಡುವಾಗ ‘ಹಾರ್ಮೋನ್ ಎಂದರೆ ಎಲ್ಲ ಒಂದೇ’ ಎಂದು ಇವುಗಳಲ್ಲಿ ಒಂದನ್ನು ಬೆರೆಸಿದರೆ ಫಲ ತಿರುಗಾಮುರುಗಾ. ಮೊದಲೇ ಡಾಗ್‌ರಿಜ್ ಬೇರಿಗೆ ಜಿಪುಣ ಜಾತಿ.

ಎಳನೀರಿನಲ್ಲಿ ಕಡ್ಡಿ ನೆನೆಸುವ ರೂಢಿಯನ್ನೂ ಇಲ್ಲೇ ಹೇಳಬೇಕು. ಎಳನೀರಿನಲ್ಲಿ ಆಕ್ಸಿನ್ ಇದೆ ಎಂಬುದು ನಿಜ. ಅದು ಹೆಸರಾದದ್ದು ಮಾತ್ರ ಸೈಟೊಕೈನಿನ್ನಿಗೆ. ಸಕ್ಕರೆಯೂ ಇರುವುದರಿಂದ ಬುಡಕ್ಕೆ ಬೂಷ್ಟು ಹಿಡಿಯುವುದು ಸುಲಭ. ನಾನಾದರೆ ಎಳನೀರು ಕುಡಿದು ಕಡ್ಡಿಗೆ ಐಬಿಎ ಹಚ್ಚುತ್ತೇನೆ. ಜೇನುತುಪ್ಪ, ಲೋಳೆಸರ ಗಾಯ ಕೊಳೆಯದಂತೆ ಕಾಪಾಡಲು ನೆರವಾಗುತ್ತವೆ, ಬೇರು ಬರುವ ಸ್ವಭಾವದ ಗಿಡಕ್ಕೆ ಅಷ್ಟೇ ಸಾಕು. ಬರಲೊಲ್ಲದ ಗಿಡಕ್ಕೆ ಐಬಿಎ ಬದಲು ಇವನ್ನು ನೆಚ್ಚಬಾರದು. ಮೇಲ್ತುದಿಗೆ ಸಗಣಿ ಮೆತ್ತುವುದು ಒಳ್ಳೆಯ ಪದ್ಧತಿ, ತೇವ ಆರುವುದನ್ನು ತಡೆಯುತ್ತದೆ. ಇನ್ನು ಅಜೋಸ್ಪಿರಿಲಂನಂಥ ಮಣ್ಣಿನ ಬ್ಯಾಕ್ಟೀರಿಯಾಗಳು ತಾವೇ ಐಎಎ ತಯಾರಿಸುತ್ತವೆ, ಹಾಗಾಗಿ ಜೈವಿಕ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಬೇರು ಹುಲುಸಾಗುವುದಕ್ಕೆ ರಾಸಾಯನಿಕ ಕಾರಣವೇ ಇದೆ.

ಮಾತು ಕೇಳುವ ಕಾಂಡ, ಕೇಳದ ಕಾಂಡ

ಸುದ್ದಿ ಎಷ್ಟೇ ಸ್ಪಷ್ಟವಾಗಿರಲಿ, ಕೇಳಿಸಿಕೊಳ್ಳುವ ಕೋಶ ಬೇಕು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ಹಿಪ್ಪುನೇರಳೆಯ ಕಡ್ಡಿಗೆ ಯಾವ ಪುಡಿಯೂ ಬೇಡ, ಊರಿದರೆ ಬೇರು. ಕಾಫಿ ತೋಟದ ಹಾಲುವಾಣ, ಬೇಲಿಯ ಗ್ಲಿರಿಸಿಡಿಯಾ, ಹಿತ್ತಲ ನುಗ್ಗೆ ಇವೆಲ್ಲ ಅದೇ ಜಾತಿಯ ಉದಾರಿಗಳು. ಹಣ್ಣು ಬಿಡುತ್ತಿರುವ ಮಾವಿನ ಮರದ ರೆಂಬೆಗೆ ಮಾತ್ರ ಎಷ್ಟು ಐಬಿಎ ಹಚ್ಚಿದರೂ ವ್ಯರ್ಥ ಎನ್ನುವಷ್ಟು ಕಷ್ಟ. ಮಾವು, ಗೇರಿಗೆಲ್ಲ ನಾವು ಕಸಿ ಕಟ್ಟುವುದು ಇದಕ್ಕಾಗಿಯೇ.

ಮರದ ವಯಸ್ಸು ಇಲ್ಲಿ ದೊಡ್ಡ ಸಂಗತಿ. ಬೀಜದಿಂದ ಎದ್ದ ಎಳೆಯ ಗಿಡದ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಅದೇ ಗಿಡ ಹೂ ಬಿಡುವ ವಯಸ್ಸಿಗೆ ಬಂದಾಗ ಅದರ ಕೋಶಗಳು ಆಕ್ಸಿನ್ನಿಗೆ ಮೊದಲಿನಂತೆ ಓಗೊಡುವುದಿಲ್ಲ. ನೀಲಗಿರಿ ತಳಿಗಳ ನರ್ಸರಿಯವರು ಮರವನ್ನು ಬುಡಕ್ಕೆ ಕಡಿದು, ಅಲ್ಲಿಂದ ಎದ್ದ ಎಳೆ ಚಿಗುರನ್ನೇ ಆರಿಸುತ್ತಾರೆ, ಏಕೆಂದರೆ ಮರದ ಬುಡದಲ್ಲಿ ಎಳೆತನ ಉಳಿದಿರುತ್ತದೆ. ಮನೆಯ ದಾಸವಾಳಕ್ಕೂ ಈ ತತ್ತ್ವ ನಡೆಯುತ್ತದೆ. ಹೂ ಮೊಗ್ಗು ತುಂಬಿದ ತುದಿಯನ್ನು ಬಿಟ್ಟು, ಹೂವಿಲ್ಲದ, ಪೆನ್ಸಿಲ್ ದಪ್ಪದ, ಬುಡದ ಕಡೆಯ ರೆಂಬೆ ತೆಗೆಯಿರಿ.

ನನಗೆ ಈ ವಿಷಯದಲ್ಲಿ ಅತಿ ಸೋಜಿಗವೆನಿಸುವುದು ಕಾಳುಮೆಣಸು. ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ಗೆಣ್ಣುಗಳಲ್ಲಿ ಬೇರಿನ ಮೊಳಕೆ ತಯಾರಾಗಿಯೇ ಇರುತ್ತದೆ. ಅದಕ್ಕೇ ಅದನ್ನು ಮಣ್ಣಿಗೆ ತಾಗದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರುವರಿ ಮಾರ್ಚಿನಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ ತೊಟ್ಟೆಗೆ ಹಾಕುತ್ತೇವೆ. ಹಾರ್ಮೋನ್ ಇಲ್ಲದೆಯೂ ಬರುತ್ತದೆ, ಹಚ್ಚಿದರೆ ಬೇರಿನ ಸಂಖ್ಯೆ ಹೆಚ್ಚುತ್ತದೆ. ಅದೇ ಬಳ್ಳಿಯ, ಕರೆ ಬಿಡುವ ಅಡ್ಡ ರೆಂಬೆಯನ್ನು ತೆಗೆದುಕೊಳ್ಳಿ. ಅದರ ಗೆಣ್ಣಿನಲ್ಲಿ ಬೇರಿಲ್ಲ, ಐಬಿಎ ಹಚ್ಚಿದರೂ ತಡವಾಗಿ, ಕೆಲವಕ್ಕೆ ಮಾತ್ರ ಬರುತ್ತದೆ. ಹಾಗೆ ಬಂದ ಗಿಡ ಮರ ಹತ್ತುವುದೂ ಇಲ್ಲ. ಕುಂಡದಲ್ಲೇ ಪೊದೆಯಾಗಿ ನಿಂತು ಮೆಣಸು ಬಿಡುತ್ತದೆ. ಪೊದೆಮೆಣಸು ಎಂದು ಮಾರುವುದು ಇದನ್ನೇ. ಒಂದೇ ಬಳ್ಳಿ, ಒಂದೇ ತಳಿ, ತುಂಡು ಯಾವ ಜಾಗದ್ದು ಎಂಬುದರ ಮೇಲೆ ಬೇರೂ ಬೇರೆ, ಬಾಳೂ ಬೇರೆ. ಮೆಣಸಿನ ತುಂಡು ತರುವಾಗ ಸೊರಗು ರೋಗವಿರುವ ತೋಟದಿಂದ ತರಬೇಡಿ, ಹಾರ್ಮೋನು ರೋಗವನ್ನು ಗುಣಪಡಿಸುವುದಿಲ್ಲ.

ಮಾವು, ಪೇರಲೆ ಕಡಿದಾಗ ಗಾಯ ಕಂದುಗಟ್ಟುವುದನ್ನು ನೋಡಿರುತ್ತೀರಿ. ಅದು ಫೀನಾಲ್ ಎಂಬ ಒಗರು ವಸ್ತುಗಳ ಕೆಲಸ. ಇವುಗಳಲ್ಲಿ ಕೆಲವು ಆಕ್ಸಿನ್ ಒಡೆಯುವ ಕಿಣ್ವವನ್ನು ತಡೆದು ಬೇರಿಗೆ ನೆರವಾಗುತ್ತವೆ, ಕೆಲವು ಅದೇ ಕಿಣ್ವಕ್ಕೆ ಕುಮ್ಮಕ್ಕು ಕೊಡುತ್ತವೆ. ಒಂದು ಗಿಡಕ್ಕೆ ಹೊಂದಿದ ಪ್ರಮಾಣ ಇನ್ನೊಂದಕ್ಕೆ ಹೊಂದದಿರಲು ಈ ಒಳಗಿನ ಲೆಕ್ಕವೂ ಒಂದು ಕಾರಣ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅನುಭವದ ಮಾತು ಇದು: ಕಡ್ಡಿಗಳು ಸಾಯುವುದು ಹಾರ್ಮೋನಿನ ಕೊರತೆಯಿಂದಲ್ಲ, ಹೆಚ್ಚಿನವು ಒಣಗಿ ಅಥವಾ ಕೊಳೆತು ಸಾಯುತ್ತವೆ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಎಲೆ ಪೂರ್ತಿ ತೆಗೆದರೆ ಹಸಿರು ಕಡ್ಡಿಗೆ ಆಕ್ಸಿನ್ನೂ ಸಕ್ಕರೆಯೂ ಇಲ್ಲ. ಆದ್ದರಿಂದ ಒಂದೆರಡು ಎಲೆಯನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವಚಿ, ನೆರಳಿನಲ್ಲಿಡಿ. ಮಣ್ಣಿನ ಬದಲು ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ್ದರೆ ಬುಡಕ್ಕೆ ಗಾಳಿ ಸಿಗುತ್ತದೆ. ಕಡ್ಡಿಯನ್ನು ಒತ್ತಿ ಚುಚ್ಚಬೇಡಿ, ಪುಡಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ಮೊದಲು ಕೋಲಿನಿಂದ ತೂತು ಮಾಡಿ ಇಳಿಸಿ. ಹಚ್ಚುವಾಗ ಡಬ್ಬಕ್ಕೇ ಕಡ್ಡಿ ಅದ್ದದೆ, ಬೇಕಾದಷ್ಟನ್ನು ಕಾಗದದ ಮೇಲೆ ಸುರಿದುಕೊಳ್ಳಿ. ಒದ್ದೆ ಬುಡ ಮುಟ್ಟಿದ ಪುಡಿ ಕೆಡುತ್ತದೆ.

ಈ ಮಳೆಗಾಲದಲ್ಲಿ ಕಡ್ಡಿ ನೆಡುವವರಲ್ಲಿ ಒಂದು ವಿನಂತಿ. ಮೂವತ್ತು ಕಡ್ಡಿ ಇದ್ದರೆ ಹತ್ತಕ್ಕೆ 1000, ಹತ್ತಕ್ಕೆ 2000 ಹಚ್ಚಿ, ಹತ್ತಕ್ಕೆ ಏನೂ ಹಚ್ಚದೆ ಬಿಡಿ. ಸಾಲಿಗೊಂದು ಚೀಟಿ, ನೆಟ್ಟ ತಾರೀಕು. ಚಿಗುರನ್ನು ಎಣಿಸಬೇಡಿ. ಐದು ವಾರಕ್ಕೆ ಪ್ರತಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಹಗುರಾಗಿ ಮೇಲಕ್ಕೆಳೆಯಿರಿ, ಎದುರೆಳೆದವನ್ನು ಮಾತ್ರ ಲೆಕ್ಕಕ್ಕೆ ಬರೆದುಕೊಳ್ಳಿ. ನಿಮ್ಮ ಗಿಡಕ್ಕೆ, ನಿಮ್ಮ ಊರಿನ ಹವೆಗೆ ಎಷ್ಟು ಬೇಕೆಂದು ಆ ಚೀಟಿಗಳು ಹೇಳುತ್ತವೆ; ಮುಂದಿನ ವರ್ಷ ಅವನ್ನು ನೋಡಿಯೇ ನೆಡಿ.